ಉಯಿಲು ತೋರಿಸಿ ಹೆದರಿಸುವವರಿಗೆ ಉತ್ತರ

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಸೀಮೆಯಲ್ಲಿ ಈ ಗಾದೆ ಕೇಳದವರಿಲ್ಲ. ಆದರೆ ಹೇಳುವವರು ಯಾರೆಂದು ಗಮನಿಸಿದ್ದೀರಾ? ಜಮೀನು ಯಾರ ಕೈಯಲ್ಲಿದೆಯೋ ಅವರು! ಪಾಲು ತಪ್ಪಿದವರು ಈ ಮಾತಿಗೆ ತಲೆದೂಗಿ ಮನೆಗೆ ಹೋದರೆ ಪಾಲು ನುಂಗಿದವನಿಗೆ ಇನ್ನೇನು ಬೇಕು? ಗಾದೆ ಪೂರಾ ಸುಳ್ಳೆಂದು ನಾವು ಹೇಳುವುದಿಲ್ಲ. ವಾಯಿದೆಯ ಮೇಲೆ ವಾಯಿದೆ ಬಿದ್ದು, ಫೀಜು ತೆತ್ತು ತೆತ್ತು ಬರಿಗೈಯಾದ ಮನೆಗಳು ಉಂಟು. ಆದರೆ ಬಡವರಿಗೆ ಸರ್ಕಾರವೇ ವಕೀಲರನ್ನು ಕೊಡಬೇಕೆಂಬ ಕಾಯಿದೆ ಇರುವಾಗಲೂ ಈ ಗಾದೆಯನ್ನೇ ಜಪಿಸುವುದು ಅಜ್ಞಾನವಲ್ಲ, ಕುಯುಕ್ತಿ.

ನಡೆಯುವುದು ಹೇಗೆ? ಮುದುಕ ತೀರಿ ಹನ್ನೊಂದನೆಯ ದಿನದ ತಿಥಿ ಮುಗಿಯುವಷ್ಟರಲ್ಲಿ ಪೆಟ್ಟಿಗೆಯಿಂದ ಒಂದು ಕಾಗದ ಹೊರಬರುತ್ತದೆ. "ಅಪ್ಪ ಎಲ್ಲವನ್ನೂ ನನ್ನ ಹೆಸರಿಗೆ ಬರೆದಿದ್ದಾನೆ" ಎನ್ನುತ್ತಾನೆ ಹಿರಿಯ ಮಗ. ಹೊಲ, ಮನೆ, ಹೊಗೆಸೊಪ್ಪಿನ ಬ್ಯಾರನ್, ಅದರ ಲೈಸೆನ್ಸು, ಎಲ್ಲವೂ ಅವನಿಗೆ. ಮೈಸೂರಿನ ಮಿಲ್ಲಿನಿಂದ ಎರಡು ದಿನದ ರಜೆ ಹಾಕಿ ಬಂದ ತಮ್ಮನಿಗೆ "ನಿನಗೆ ಸಂಬಳವಿದೆಯಲ್ಲ" ಎಂಬ ಉತ್ತರ. ಅಕ್ಕತಂಗಿಯರಿಗೆ ಒಂದು ಸೀರೆ, ಅರಿಶಿನ ಕುಂಕುಮ, ಜೊತೆಗೆ ಹಕ್ಕು ಬಿಡುಗಡೆ ಪತ್ರ. "ತವರು ಬೇಕೋ, ಪಾಲು ಬೇಕೋ, ಹೇಳವ್ವ" ಎಂದು ಕೇಳಿದರೆ ಯಾವ ಹೆಣ್ಣುಮಗಳು ಪಾಲು ಬೇಕೆಂದಾಳು? ಇದನ್ನು ಸ್ವಇಚ್ಛೆಯ ರುಜು ಎಂದು ಕರೆಯುವ ಊರ ಹಿರಿಯರಿಗೆ ದೊಡ್ಡ ನಮಸ್ಕಾರ!

ಬಂಧುಗಳೇ, ಕಾಗದ ಕಂಡೊಡನೆ ನಡುಗಬೇಡಿ. ಉಯಿಲಿಗೆ ಕನಿಷ್ಠ ಇಬ್ಬರು ಸಾಕ್ಷಿಗಳ ರುಜು ಬೇಕೆಂದು 1925ರ ಉತ್ತರಾಧಿಕಾರ ಕಾಯಿದೆ ಹೇಳುತ್ತದೆ. ಅವರಲ್ಲಿ ಬದುಕಿರುವ ಒಬ್ಬನಾದರೂ ಕೋರ್ಟಿಗೆ ಬಂದು ಹೇಳಬೇಕು. ರಿಜಿಸ್ಟರ್ ಆಗಿದ್ದ ಮಾತ್ರಕ್ಕೆ ಉಯಿಲು ಸತ್ಯವಾಗುವುದಿಲ್ಲ. ಉಯಿಲು ನಿಜವೆಂದು ತೋರಿಸುವ ಹೊರೆ ಅದನ್ನು ತಂದವನ ಹೆಗಲ ಮೇಲಿದೆ. ಈ ಮಾತನ್ನು ದೇಶಕ್ಕೆಲ್ಲ ಗಟ್ಟಿಮಾಡಿದ್ದು ನಮ್ಮ ಮೈಸೂರು ಸೀಮೆಯದೇ ಒಂದು ವ್ಯಾಜ್ಯ. ವೆಂಕಟಾಚಲ ಅಯ್ಯಂಗಾರ್ ಮತ್ತು ತಿಮ್ಮಾಜಮ್ಮನವರ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1958ರ ನವೆಂಬರಿನಲ್ಲಿ ತೀರ್ಪಿತ್ತಿತು. ಬರೆದವರು ನ್ಯಾಯಮೂರ್ತಿ ಗಜೇಂದ್ರಗಡ್ಕರ್. ಉಯಿಲನ್ನು ಮುಂದಿಟ್ಟವನೇ ಅದನ್ನು ಬರೆಸುವುದರಲ್ಲಿ ಮುಂದಾಳಾಗಿ, ಲಾಭವನ್ನೂ ಪಡೆದಿದ್ದರೆ ಅದು ಸಂಶಯದ ಸಂಗತಿ; ಆ ಸಂಶಯವನ್ನು ಅವನೇ ಕಳೆಯಬೇಕು ಎಂದು ತೀರ್ಪು ಹೇಳಿತು. ಆ ಉಯಿಲು ನಿಲ್ಲಲಿಲ್ಲ. ಕಾಯಿಲೆಯ ತಂದೆಯನ್ನು ಕಾರಿನಲ್ಲಿ ಕೂರಿಸಿ ಹೆಬ್ಬೆಟ್ಟು ಒತ್ತಿಸಿ ತಂದವರು ಇದನ್ನು ಓದಿಕೊಳ್ಳಲಿ.

ಇನ್ನೂ ಒಂದು ಮಾತು. ತಂದೆ ಉಯಿಲು ಬರೆಯಬಹುದಾದದ್ದು ಸ್ವಯಾರ್ಜಿತಕ್ಕೆ, ಮತ್ತು ಪಿತ್ರಾರ್ಜಿತದಲ್ಲಿ ತನ್ನ ಪಾಲಿಗೆ ಮಾತ್ರ. ಮಕ್ಕಳ ಪಾಲನ್ನು ಬರೆದುಕೊಡಲು ಅವನಿಗೆ ಹಕ್ಕಿಲ್ಲ. ಆ ಮಕ್ಕಳಲ್ಲಿ ಹೆಣ್ಣುಮಕ್ಕಳೂ ಸೇರಿದ್ದಾರೆ. 1994ರಲ್ಲಿ ನಮ್ಮ ರಾಜ್ಯ ಆಗಿನ್ನೂ ಮದುವೆಯಾಗದಿದ್ದವರಿಗೆ ಸಮಪಾಲು ಕೊಟ್ಟಿತು. 2005ರಲ್ಲಿ ಕೇಂದ್ರದ ಕಾಯಿದೆ ಮದುವೆಯಾದವರಿಗೂ ಕೊಟ್ಟಿತು. ತಂದೆ ಆ ಮೊದಲೇ ತೀರಿದ್ದರೂ ಮಗಳ ಹಕ್ಕು ಹೋಗದೆಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಹೇಳಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ರಿಜಿಸ್ಟರ್ ಆದ ಪಾಲುಪಟ್ಟಿಯನ್ನು ಮಾತ್ರ ಕೆದಕುವಂತಿಲ್ಲ. ಮುಸಲ್ಮಾನ ವ್ಯಾಪಾರಿ ಬಂಧುಗಳ ಶಾಸ್ತ್ರ ಬೇರೆ: ಅಲ್ಲಿ ಉಳಿದ ವಾರಸುದಾರರು ಒಪ್ಪದೆ ಉಯಿಲು ಮೂರರಲ್ಲಿ ಒಂದು ಭಾಗವನ್ನು ಮೀರುವಂತಿಲ್ಲ. ತಂದೆ ಸ್ವಂತ ದುಡಿಮೆಯ ಆಸ್ತಿಯನ್ನು ಬುದ್ಧಿಪೂರ್ವಕವಾಗಿ ಒಬ್ಬನಿಗೇ ಬರೆದಿದ್ದರೆ, ಹಿಂದೂಗಳಲ್ಲಿ ಅದಕ್ಕೆ ಮದ್ದಿಲ್ಲ. ಸುಳ್ಳು ಆಸೆ ಹುಟ್ಟಿಸುವುದು ನಮ್ಮ ಕೆಲಸವಲ್ಲ.

"ಖಾತೆ ಆಗಿಹೋಯಿತು, ಇನ್ನೇನು ಮಾಡುತ್ತೀಯೆ?" ಎಂಬುದು ಎರಡನೆಯ ಬೆದರಿಕೆ. ಖಾತೆ ಕಂದಾಯ ವಸೂಲಿಗೆ. ಹಕ್ಕನ್ನು ತೀರ್ಮಾನಿಸುವುದು ಸಿವಿಲ್ ಕೋರ್ಟು. ಪೌತಿ ಖಾತೆಯ ನೋಟೀಸು ಅಂಟಿಸಿದರೆ ಅದರ ಅವಧಿಯೊಳಗೆ ತಕರಾರು ಹಾಕಿ. ತಪ್ಪಿದರೆ ಅರವತ್ತು ದಿನದೊಳಗೆ ಅಸಿಸ್ಟೆಂಟ್ ಕಮೀಷನರಿಗೆ ಅಪೀಲು ಮಾಡಿ. ನಮ್ಮ ನಾಲ್ಕು ತಾಲೂಕಿಗೂ ಅವರ ಕಚೇರಿ ಹುಣಸೂರಿನಲ್ಲೇ ಇದೆ. ಮೋಸದಿಂದ ಬರೆಸಿಕೊಂಡ ಬಿಡುಗಡೆ ಪತ್ರವಾದರೆ, ಮೋಸ ತಿಳಿದ ಮೂರು ವರ್ಷದೊಳಗೆ ದಾವೆ ಹೂಡಬೇಕು. ಅಣ್ಣನ ಮನಸ್ಸು ಕರಗಲೆಂದು ಕಾಯುತ್ತ ಕುಳಿತರೆ ಕರಗುವುದು ಈ ವಾಯಿದೆಯೇ.

ಈಗ ದುಡ್ಡಿನ ಮಾತು. 1958ರ ಕೋರ್ಟು ಶುಲ್ಕದ ಕಾಯಿದೆಯ ಸೊಗಸು ನೋಡಿ: ಆಸ್ತಿಯಲ್ಲಿ ಜಂಟಿಯಾಗಿ ಇರುವವನು ಪಾಲು ಕೇಳಿದರೆ ಸಣ್ಣ ಶುಲ್ಕ, ಹೊರದಬ್ಬಿಸಿಕೊಂಡವನು ಕೇಳಿದರೆ ಅವನ ಪಾಲಿನ ಪೇಟೆಬೆಲೆಯ ಮೇಲೆ ಶುಲ್ಕ! ಬೀದಿಗೆ ಬಿದ್ದವನಿಗೇ ಹೆಚ್ಚಿನ ತೆರಿಗೆ. ಈ ಅನ್ಯಾಯ ತೊಲಗಬೇಕು. ತೊಲಗುವ ತನಕ ಇರುವ ದಾರಿ 1987ರ ಕಾನೂನು ಸೇವೆಗಳ ಕಾಯಿದೆ. ಪ್ರತಿ ತಾಲೂಕು ಕೋರ್ಟಿನಲ್ಲೂ ಕಾನೂನು ಸೇವಾ ಸಮಿತಿ ಇದೆ. ಪುಕ್ಕಟೆ ವಕೀಲರನ್ನು ನೇಮಿಸುವುದು, ಕೋರ್ಟು ಶುಲ್ಕ ಭರಿಸುವುದು ಅದರ ಹೊಣೆ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಆದಾಯದ ಲೆಕ್ಕವೇ ಇಲ್ಲ. ಮಿಲ್ಲಿನ ಸಂಗಾತಿಗಳೇ, ಕೈಗಾರಿಕಾ ಕಾರ್ಮಿಕ ಎಂದು ನಿಮ್ಮ ಹೆಸರೂ ಆ ಪಟ್ಟಿಯಲ್ಲಿದೆ, ಸಂಬಳ ಎಷ್ಟೇ ಇರಲಿ. ನಿಮ್ಮಲ್ಲಿ ಎಷ್ಟು ಮಂದಿಗೆ ಇದು ಗೊತ್ತು? ವರ್ಷಕ್ಕೊಮ್ಮೆ ಶಾಮಿಯಾನ ಹಾಕಿ, ಹಾರ ಹಾಕಿಸಿಕೊಂಡು, ಕಾನೂನು ಅರಿವು ಮೂಡಿಸಿದೆವೆಂದು ಫೋಟೋ ತೆಗೆಸಿಕೊಂಡರೆ ಸಾಲದು. ಕಂಪಲಾಪುರ, ಕಟ್ಟೆಮಳಲವಾಡಿಯ ಹೊಗೆಸೊಪ್ಪಿನ ಹರಾಜು ಕಟ್ಟೆಗಳಲ್ಲಿ, ಸಬ್ ರಿಜಿಸ್ಟ್ರಾರ್ ಕಚೇರಿಗಳ ಬಾಗಿಲಲ್ಲಿ, ಮಿಲ್ಲುಗಳ ಗೇಟಿನಲ್ಲಿ ದಪ್ಪಕ್ಷರದ ಕನ್ನಡದ ಬೋರ್ಡು ನಿಲ್ಲಲಿ.

ಲೋಕ ಅದಾಲತ್ತಿನಲ್ಲಿ ರಾಜಿಯಾಗಿ ಎಂಬ ಸಲಹೆಯೂ ಬರುತ್ತದೆ. ರಾಜಿ ಕೆಟ್ಟದ್ದಲ್ಲ, ಕೋರ್ಟಿಗೆ ಕಟ್ಟಿದ ಶುಲ್ಕವೂ ವಾಪಸು ಬರುತ್ತದೆ. ಆದರೆ ಅಲ್ಲಿನ ಐತೀರ್ಪಿಗೆ ಅಪೀಲಿಲ್ಲ. ಓದಿಸಿ ಕೇಳದೆ, ನಿಮ್ಮ ವಕೀಲರನ್ನು ಕೇಳದೆ ರುಜು ಹಾಕಬೇಡಿ.

ನಮ್ಮವರಿಗೂ ಒಂದು ಮಾತು ಹೇಳಬೇಕು. 1951ರಲ್ಲಿ ಕಾಗೋಡಿನ ಗೇಣಿದಾರರಿಗಾಗಿ ಸಮಾಜವಾದಿಗಳು ಜೈಲು ಕಂಡರು. 1974ರಲ್ಲಿ ಉಳುವವನಿಗೆ ಭೂಮಿ ಕೊಡುವ ತಿದ್ದುಪಡಿ ಜಾರಿಗೆ ತಂದ ದೇವರಾಜ ಅರಸರು ನಮ್ಮ ಹುಣಸೂರು ತಾಲೂಕಿನವರು. ನಮ್ಮ ಪಕ್ಷದವರಲ್ಲ, ಆದರೂ ಅವರಿಗೆ ಸಲ್ಲಬೇಕಾದ್ದು ಸಲ್ಲಲಿ. ಹೀಗೆ ಧಣಿಯಿಂದ ಬಿಡಿಸಿಕೊಂಡ ಭೂಮಿಯಲ್ಲಿ ತಂಗಿಗೆ ಪಾಲಿಲ್ಲ ಎನ್ನುವ ಸಂಗಾತಿ, ತಾನೇ ಒಬ್ಬ ಚಿಕ್ಕ ಧಣಿ ಎಂಬುದನ್ನು ಮರೆತಿದ್ದಾನೆ. ಸಭೆಯಲ್ಲಿ ಸಮಾನತೆ, ಮನೆಯಲ್ಲಿ ಬಿಡುಗಡೆ ಪತ್ರ: ಇದು ನಮ್ಮಲ್ಲಿ ನಡೆಯಕೂಡದು.

ಸಣ್ಣ ಅಂಗಡಿಯ ಗಂಡಸಿಗೆ ಮಾತ್ರ ಆದಾಯದ ಮಿತಿಯ ಗೋಡೆ ಇದೆ. ದಿನದ ವ್ಯಾಪಾರವನ್ನೇ ಆದಾಯವೆಂದು ಬರೆದು ಅವನನ್ನು ಹೊರಗಿಡುವುದು ತಪ್ಪಬೇಕು, ಮಿತಿ ಏರಬೇಕು. ಅಲ್ಲಿಯವರೆಗೆ ಅವನ ತಾಯಿ, ಅಕ್ಕತಂಗಿಯರು ತಮ್ಮ ಪಾಲಿಗೆ ತಾವೇ ಅರ್ಜಿ ಹಾಕಬಹುದು. ಬರಿಯ ಕಾಗದದಲ್ಲಿ ಕನ್ನಡದಲ್ಲಿ ಬರೆದುಕೊಟ್ಟರೂ ಆಗುತ್ತದೆ. ಬರೆಯಲು ಬಾರದವರ ಮಾತನ್ನು ಅಲ್ಲಿನವರೇ ಬರೆದುಕೊಳ್ಳಬೇಕು. ಮರಣ ಪತ್ರ, ಪಹಣಿ, ವಂಶವೃಕ್ಷ, ಸಿಕ್ಕಿದರೆ ಉಯಿಲಿನ ನಕಲು ಜೊತೆಗಿರಲಿ. ಕೋರ್ಟಿನ ತನಕ ಹೋಗಲಾರದವರು 15100ಕ್ಕೆ ಫೋನು ಮಾಡಿ ಕೇಳಲಿ.