ಸರ್ಕಾರಿ ಕಡತದ ಕೀಲಿ ಯಾರ ಕೈಯಲ್ಲಿ?

2025ರ ಜುಲೈನಲ್ಲಿ ಗುಜರಾತಿನ ವಾಡಿನಾರ್‌ನ ತೈಲ ಸಂಸ್ಕರಣಾಗಾರವನ್ನು ನಡೆಸುವ ನಯಾರಾ ಎನರ್ಜಿಯ ನೌಕರರಿಗೆ ತಮ್ಮದೇ ಇಮೇಲ್ ತೆರೆಯಲಾಗಲಿಲ್ಲ. ಕಂಪ್ಯೂಟರ್ ಕೆಟ್ಟಿರಲಿಲ್ಲ. ಕಂಪನಿಯಲ್ಲಿ ರಷ್ಯಾದ ರಾಸ್‌ನೆಫ್ಟ್‌ಗೆ ದೊಡ್ಡ ಪಾಲಿದೆ ಎಂದು ಐರೋಪ್ಯ ಒಕ್ಕೂಟ ನಿರ್ಬಂಧ ಹೇರಿತ್ತು, ಅದರ ಬೆನ್ನಿಗೇ ಮೈಕ್ರೋಸಾಫ್ಟ್ ಸೇವೆ ನಿಲ್ಲಿಸಿತ್ತು. ಭಾರತದ ಯಾವ ಕಾನೂನೂ ಹಾಗೆ ಮಾಡೆಂದು ಹೇಳಿರಲಿಲ್ಲ. ನಯಾರಾ ದೆಹಲಿ ಹೈಕೋರ್ಟಿನ ಮೆಟ್ಟಿಲೇರಿದ ಮೇಲೆ ಸೇವೆ ಮರಳಿತು.

ದೊಡ್ಡ ವಕೀಲರನ್ನಿಡುವ ಶಕ್ತಿಯಿದ್ದ ಕಂಪನಿ ಅದು. ತಾಲ್ಲೂಕು ಕಚೇರಿಗೋ ಜಿಲ್ಲಾಸ್ಪತ್ರೆಗೋ ಹೀಗಾದರೆ ಯಾರ ಬಾಗಿಲು ತಟ್ಟಬೇಕು?

ಪರರ ಹಿಡಿತದ ತಂತ್ರಾಂಶ ಏನು ಮಾಡುತ್ತದೆಂಬುದನ್ನು ಕನ್ನಡಿಗರು ಬಹಳ ಹಿಂದೆಯೇ ಉಂಡಿದ್ದಾರೆ. ಯೂನಿಕೋಡ್ ಬಳಕೆಗೆ ಬರುವ ಮೊದಲು ಒಂದೊಂದು ಕನ್ನಡ ತಂತ್ರಾಂಶಕ್ಕೂ ಒಂದೊಂದು ಸಂಕೇತ ವ್ಯವಸ್ಥೆಯಿತ್ತು. ಒಂದರಲ್ಲಿ ಬೆರಳಚ್ಚಿಸಿದ ಆದೇಶವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತಿತ್ತು. ಹುಡುಕಿದರೆ ಒಂದು ಪದವೂ ಸಿಗುತ್ತಿರಲಿಲ್ಲ. ಅಂದಿನ ಪುಸ್ತಕಗಳು, ಸುತ್ತೋಲೆಗಳು, ಪತ್ರಿಕೆಗಳ ಹಳೆಯ ಪುಟಗಳು ಎಷ್ಟೋ ಇಂದಿಗೂ ಅದೇ ಸ್ಥಿತಿಯಲ್ಲಿವೆ. ಪರಿವರ್ತಿಸಿದರೆ ಅರ್ಕಾವತ್ತು ಜಾಗ ತಪ್ಪುತ್ತದೆ, ಒತ್ತಕ್ಷರ ಒಡೆಯುತ್ತದೆ. ಮತ್ತೆ ಮೊದಲಿನಿಂದ ಕರಡು ತಿದ್ದಬೇಕು. ಈ ರಾಶಿಯಿಂದ ಒಂದಿಷ್ಟನ್ನು ಉಳಿಸಿಕೊಟ್ಟವರು ಸಂಬಳವಿಲ್ಲದೆ ಪರಿವರ್ತಕಗಳನ್ನು ಬರೆದು, ಅವುಗಳ ಮೂಲಸಂಕೇತವನ್ನು ಎಲ್ಲರಿಗೂ ತೆರೆದಿಟ್ಟ ಕನ್ನಡದ ತಂತ್ರಜ್ಞರು. ಸರ್ಕಾರ ಮಾಡಬೇಕಿದ್ದ ಕೆಲಸವನ್ನು ಅವರು ರಾತ್ರಿ ನಿದ್ದೆಗೆಟ್ಟು ಮಾಡಿದರು.

ಇಷ್ಟಾದರೂ ಕಚೇರಿಗಳು ಮೂಲಸಂಕೇತವನ್ನು ಮುಚ್ಚಿಟ್ಟ ತಂತ್ರಾಂಶವನ್ನೇ ಏಕೆ ಅಪ್ಪಿಕೊಂಡಿವೆ? ಅನುಕೂಲಕ್ಕಾಗಿ, ಮತ್ತು ಆ ಅನುಕೂಲ ನಿಜವಾದದ್ದು. ದಿನವಿಡೀ ಅರ್ಜಿಗಳ ನಡುವೆ ಕೂರುವ ಗುಮಾಸ್ತರಿಗೆ ಕೈಗೆ ಒಗ್ಗಿದ ಮೆನು ಬದಲಾದರೆ ಕೆಲಸ ನಿಲ್ಲುತ್ತದೆ. ಡಿಟಿಪಿ ಮಾಡುವವರು ಪುಟವಿನ್ಯಾಸದ ಹಳೆಯ ತಂತ್ರಾಂಶ ಪೇಜ್‌ಮೇಕರ್ ಬಿಡದಿದ್ದುದಕ್ಕೂ ಕಾರಣವಿತ್ತು. ಹೊಸ ತಂತ್ರಾಂಶಗಳಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿ ಮೂಡಲು ವರ್ಷಗಳೇ ಹಿಡಿದವು. ಅವರನ್ನು ದೂರುವುದು ಅನ್ಯಾಯ. ಮೂಲಸಂಕೇತವನ್ನು ತೆರೆದಿಟ್ಟ ಮುಕ್ತ ತಂತ್ರಾಂಶಕ್ಕೆ ಪರವಾನಗಿ ಶುಲ್ಕವಿಲ್ಲ, ಆದರೆ ತರಬೇತಿಗೂ ನಿರ್ವಹಣೆಗೂ ಹಣ ಬೇಕೇಬೇಕು. ಆ ಹಣವನ್ನು ತೆಗೆದಿಡದೆ, ಅದು ನಡೆಯುವುದಿಲ್ಲ ಎಂದು ಕೈತೊಳೆದುಕೊಳ್ಳುವುದು ಆಡಳಿತದ ತಪ್ಪು. ಕೇರಳ ತನ್ನ ಸರ್ಕಾರಿ ಶಾಲೆಗಳನ್ನು ಮುಕ್ತ ತಂತ್ರಾಂಶವಾದ ಲಿನಕ್ಸ್‌ಗೆ ತಂದದ್ದು ಶಿಕ್ಷಕರ ತರಬೇತಿಯ ಬಲದಿಂದ.

ಕೇಂದ್ರ ಸರ್ಕಾರ ಸುಮಾರು 12 ಲಕ್ಷ ನೌಕರರ ಇಮೇಲನ್ನು ಸ್ವದೇಶಿ ಕಂಪನಿ ಜೋಹೋಗೆ ವರ್ಗಾಯಿಸಿದೆ. ವಿದೇಶಿ ನಿರ್ಬಂಧದ ಭಯ ಇದರಿಂದ ಕಡಿಮೆಯಾಗಬಹುದು. ಆದರೆ ಅದೂ ಒಳಗೇನಿದೆಯೆಂದು ಜನ ನೋಡಲಾಗದ ತಂತ್ರಾಂಶವೇ. ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಬೇಕು, ಬಿಟ್ಟರೆ ಕಾರಣ ಕೊಡಬೇಕು ಎಂಬ ನೀತಿಯನ್ನು ಇದೇ ಕೇಂದ್ರ 2015ರಲ್ಲೇ ಹೊರಡಿಸಿತ್ತು. ಆ ಕಾರಣಗಳನ್ನು ಕೇಳುವವರೇ ಇಲ್ಲ.

ಖಾಸಗಿತನದ ಮಾತು ಇನ್ನೂ ಗಂಭೀರ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರಲ್ಲಿ ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ. ಐದು ವರ್ಷಗಳ ನಂತರ ಮಾನವ ಹಕ್ಕುಗಳ ಸಂಸ್ಥೆ ಹ್ಯೂಮನ್ ರೈಟ್ಸ್ ವಾಚ್ ಶಿಕ್ಷಣದ ಆ್ಯಪ್‌ಗಳನ್ನು ಪರೀಕ್ಷಿಸಿದಾಗ, ಮಕ್ಕಳು ಇರುವ ಜಾಗವನ್ನು ನಿಖರವಾಗಿ ಪಡೆಯಬಲ್ಲ ಆ್ಯಪ್‌ಗಳ ಪಟ್ಟಿಯಲ್ಲಿ ಕೇಂದ್ರ ಸರ್ಕಾರದ ದೀಕ್ಷಾ ಕೂಡ ಇತ್ತು. ದೀಕ್ಷಾದ ತಳಹದಿಯಾದ ಸನ್‌ಬರ್ಡ್ ಮುಕ್ತ ತಂತ್ರಾಂಶ! ಅಂದರೆ ಮೂಲಸಂಕೇತವನ್ನು ತೆರೆದಿಟ್ಟರೆ ಸಾಲದು, ಯಾವ ಮಾಹಿತಿ ಪಡೆಯಬೇಕು, ಯಾವುದನ್ನು ಮುಟ್ಟಲೇಬಾರದು ಎಂಬ ಕಟ್ಟುಪಾಡೂ ಬೇಕು. 2023ರ ದತ್ತಾಂಶ ರಕ್ಷಣಾ ಕಾಯ್ದೆಯಾದರೋ ಸರ್ಕಾರಕ್ಕೇ ಧಾರಾಳವಾಗಿ ವಿನಾಯಿತಿ ಕೊಟ್ಟಿದೆ.

ರಾಜ್ಯ ಸರ್ಕಾರ ಇನ್ನು ತಡಮಾಡಬಾರದು. ಕಡತಗಳು ಯೂನಿಕೋಡ್‌ನಲ್ಲಿ, ಯಾವ ತಂತ್ರಾಂಶದಲ್ಲೂ ತೆರೆಯುವ ಮುಕ್ತ ಮಾದರಿಯಲ್ಲಿರಲಿ. ತೆರಿಗೆ ಹಣದಲ್ಲಿ ಬರೆಸಿದ ತಂತ್ರಾಂಶದ ಮೂಲಸಂಕೇತವನ್ನು ಪ್ರಕಟಿಸಲಿ. ಒಪ್ಪಂದ ಮುಗಿದ ದಿನ ಮಾಹಿತಿಯೆಲ್ಲ ಮರಳಿ ಬರುವುದು ಹೇಗೆಂದು ಟೆಂಡರಿನಲ್ಲೇ ಬರೆಯದ ಯಾವ ಖರೀದಿಗೂ ಆರ್ಥಿಕ ಇಲಾಖೆ ಸಹಿ ಹಾಕಬಾರದು.