ಬಿಷಪ್ ಆಗದ ಪಾದ್ರಿ

ಹಿರೇನಲ್ಲೂರಿನ ಮಿತ್ರರ ಮನೆಯ ಪಡಸಾಲೆಯಲ್ಲಿ ಒಂದು ಸಂಜೆ ಜೈಮಿನಿ ಭಾರತದ ವಾಚನ ನಡೆದಿತ್ತು. ಲಕ್ಷ್ಮೀಶನೆಂದರೆ ಕಡೂರು ತಾಲ್ಲೂಕಿನವರಿಗೆ ಮನೆಯವನೇ. ಆತನ ಊರೆಂದು ಹೇಳುವ ದೇವನೂರು ಆ ತಾಲ್ಲೂಕಿನಲ್ಲಿಯೇ ಇದೆ. ನಡುವೆ ಒಂದು ಪದದ ಅರ್ಥಕ್ಕೆ ತೊಡಕುಂಟಾಯಿತು. ಮಿತ್ರರು ಒಳಗಿನಿಂದ ಕಿಟ್ಟೆಲ್ ನಿಘಂಟನ್ನು ಎರಡೂ ಕೈಗಳಲ್ಲಿ ಹೊತ್ತು ತಂದರು. ತೆರೆದು ನೋಡಿದರೆ, ಆ ಪದಕ್ಕೆ ಆಧಾರವಾಗಿ ಸೂಚಿಸಿದ್ದುದು ಅದೇ ಜೈಮಿನಿ ಭಾರತವನ್ನು!

“ತಾತ, ಈ ಕಿಟ್ಟೆಲ್ ಅವರು ಬಿಷಪ್ ಆಗಿದ್ದರೇ?” ಎಂದು ಮೊಮ್ಮಗಳು ಕೇಳಿದಳು.

“ಇಲ್ಲಮ್ಮ, ಪಾದ್ರಿಗಳು. ಆದರೆ ಪದ್ಯ ಬರೆಯುತ್ತಿದ್ದರು.”

ಹುಡುಗಿಯ ಪ್ರಶ್ನೆ ಅಷ್ಟೇನೂ ಅಸಂಗತವಲ್ಲ. ಲೂಥರನ ಅನುಯಾಯಿಗಳಲ್ಲಿ ಬಿಷಪ್ಪರೇ ಕವಿಗಳಾದುದುಂಟು. ಡೆನ್ಮಾರ್ಕಿನ ತೋಮಸ್ ಕಿಂಗೊ 1677ರಲ್ಲಿ ಬಿಷಪ್ ಆದವರು. ದೊರೆಯ ಅಪ್ಪಣೆಯಂತೆ ಅವರು ಸಿದ್ಧಪಡಿಸಿದ ಗೀತಸಂಗ್ರಹದ ಮೊದಲ ಭಾಗ 1689ರಲ್ಲಿ ಅಚ್ಚಾಗಿಯೂ ತಿರಸ್ಕೃತವಾಯಿತು. ಹಾಡುವ ವಿಷಯದಲ್ಲಿ ದೇವರಿಗಿಂತ ಭಕ್ತರೇ ಕಠಿಣರು!

ಫರ್ಡಿನಾಂಡ್ ಕಿಟ್ಟೆಲ್ 1832ರಲ್ಲಿ ಜರ್ಮನಿಯ ರೆಸ್ಟರ್‌ಹಾಫೆಯಲ್ಲಿ ಹುಟ್ಟಿದರು. ತಂದೆ ಲೂಥರನ್ ಪಾದ್ರಿ. 1853ರಲ್ಲಿ ಬಾಸೆಲ್ ಮಿಷನ್ನಿನ ಪರವಾಗಿ ಕನ್ನಡನಾಡಿಗೆ ಬಂದರು. ಆ ಮಿಷನ್ನಿನಲ್ಲಿ ಬಿಷಪ್ ಪದವಿಯೇ ಇರಲಿಲ್ಲ.

ಇಲ್ಲಿಯ ಕ್ರೈಸ್ತರು ಯಾವ ಧಾಟಿಯಲ್ಲಿ ಹಾಡಬೇಕು? ಜರ್ಮನ್ ರಾಗಗಳಿಗೆ ಕನ್ನಡ ಮಾತುಗಳನ್ನು ಹೊಂದಿಸುವುದು ಸುಲಭವೆಂದು ಕಾಣಬಹುದು. ಆದರೆ ಕನ್ನಡದ ಪದ್ಯ ಮಾತ್ರೆಗಳ ಲೆಕ್ಕದಲ್ಲಿ ನಡೆಯುವಂಥದು. ರಾಗಕ್ಕಾಗಿ ಲಘುವನ್ನು ಎಳೆದರೆ ಶಿಲುಬೆಯ ‘ಮರ’ವು ‘ಮಾರ’ನಾಗಿ, ಇಗರ್ಜಿಯೊಳಕ್ಕೆ ಮನ್ಮಥನೇ ಬಂದು ಕುಳಿತಾನು! ಅಕ್ಷರ ತಪ್ಪಿಲ್ಲ, ವ್ಯಾಕರಣ ತಪ್ಪಿಲ್ಲ. ಕಿವಿಗೆ ಮಾತ್ರ ಹೊರಗಿನವರ ಮಾತು. ಮತ ಬದಲಾಯಿಸಿದವನು ಅಜ್ಜಿಯಿಂದ ಕಲಿತ ಲಯವನ್ನೂ ಬಿಡಬೇಕೆಂದರೆ ಆ ಬೆಲೆ ಸಣ್ಣದಲ್ಲ.

ಕಿಟ್ಟೆಲ್ಲರು ಬೇರೆ ದಾರಿ ಹಿಡಿದರು. 1862ರಲ್ಲಿ ಪ್ರಕಟವಾದ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತ್ರೆಯನ್ನು ನಮ್ಮ ನಾಡಿನ ಪದ್ಯದ ಮಟ್ಟಿಗೇ ಇಳಿಸಿದರು. ಆಗ ಅವರಿಗೆ ಮೂವತ್ತು ವರ್ಷ. ಕನ್ನಡಿಗರಿಗೆ ಕನ್ನಡಿಗನಾಗಬೇಕೆಂಬ ಅವರ ಹಂಬಲ ಜೊತೆಯ ಮಿಷನರಿಗಳಿಗೆ ಅಷ್ಟಾಗಿ ರುಚಿಸಲಿಲ್ಲ. ಪಾದ್ರಿ ಕನ್ನಡವನ್ನು ಕಲಿಯಲಿ, ಕನ್ನಡವೇ ಪಾದ್ರಿಯನ್ನು ಕಲಿಸತೊಡಗಿದರೆ ಹೇಗೆ?

ಆದರೆ ಅದು ಕಲಿಸಿಯೇ ಕಲಿಸಿತು. ಪದ್ಯ ಕಟ್ಟಲು ಹೊರಟವರು ಪದ್ಯದ ಶಾಸ್ತ್ರಕ್ಕೇ ಕೈಹಾಕಿದರು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣ, 1875ರಲ್ಲಿ ನಾಗವರ್ಮನ ಛಂದೋಂಬುಧಿ ಅವರ ಸಂಪಾದಕತ್ವದಲ್ಲಿ ಹೊರಬಂದವು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ನಿಘಂಟಿನಲ್ಲಿ ಸುಮಾರು 70,000 ಪದಗಳು. 1903ರಲ್ಲಿ ಟ್ಯೂಬಿಂಗನ್ನಿನಲ್ಲಿ ಕಿಟ್ಟೆಲ್ಲರು ತೀರಿಕೊಂಡರು. ನಿಘಂಟಿನ ಹೆಸರು ಮನೆಮನೆಗೆ ಹಬ್ಬಿತು. ‘ಕಥಾಮಾಲೆ’ಯ ಹೆಸರನ್ನು ಕೇಳಿದವರು ವಿರಳ.

ಇಷ್ಟೆಲ್ಲ ಮಾತಾದ ಮೇಲೆ ಹುಡುಗಿ ಗಮಕಿಗಳತ್ತ ತಿರುಗಿ, “ಅವರ ಪದ್ಯವನ್ನು ನೀವು ಓದಬಲ್ಲಿರಾ?” ಎಂದಳು.

ಗಮಕಿಗಳು ಶಲ್ಯ ಸರಿಪಡಿಸಿಕೊಂಡರು. “ಮಾತ್ರೆ ಸರಿಯಾಗಿದ್ದರೆ ಯಾಕಮ್ಮ ಓದಬಾರದು? ಪುಸ್ತಕ ತರಿಸಿ.”