ಗುಡ್ಡ ಹತ್ತೋಣ, ಟೇಪು ಹಿಡ್ಕೊಂಡು

ಬಳ್ಳಾರಿಯಲ್ಲಿ ಕೋಟೆ ಗುಡ್ಡ ನೋಡದ ದಿನ ಇರಲ್ಲ. ಸಿರುಗುಪ್ಪ, ಕುರುಗೋಡಿನಿಂದ ದಿನಾ ಬಸ್ಸಲ್ಲಿ ಬರೋ ನಮ್ಮ ಗೆಳೆಯರಿಗೆ ಊರು ಬಂತು ಅನ್ನೋ ಗುರುತೇ ಅದು. ಆದ್ರೂ ನಾಲ್ಕು ವರ್ಷ ಇಲ್ಲೇ ಓದಿ, ಒಮ್ಮೆಯೂ ಮೇಲೆ ಹತ್ತದೆ ಡಿಗ್ರಿ ತಗೊಂಡು ಹೋಗೋರು ನಮ್ಮಲ್ಲಿ ಬೇಕಾದಷ್ಟು ಜನ. ಹತ್ತಿದವರೂ ಮೇಲಿನ ಚಿಕ್ಕ ಗುಡಿಗೆ ಕೈ ಮುಗಿದು, ಊರು ಹಿಂದೆ ಕಾಣೋ ಹಾಗೆ ಸೆಲ್ಫಿ ತೆಗೆದು ಇಳಿದುಬಿಡ್ತಾರೆ. ಕೈ ಮುಗಿಯೋಣ, ಸೆಲ್ಫಿನೂ ಇರಲಿ. ಆದರೆ ಎಂಜಿನಿಯರಿಂಗ್ ಓದೋ ನಾವು ಅಷ್ಟಕ್ಕೇ ಇಳಿದು ಬರಬಾರದು ಅನ್ನೋದು ನಮ್ಮ ವಾದ.

ಮೇಲ್ಕೋಟೆ ಕಟ್ಟಿಸಿದವನು ವಿಜಯನಗರದ ಸಾಮಂತ ಹನುಮಪ್ಪ ನಾಯಕ. ಕೆಳಕೋಟೆ 18ನೇ ಶತಮಾನದ್ದು, ಹೈದರ್ ಅಲಿಯ ಕಾಲದ್ದು. ಮೇಲೆ ಹೊಳೆ ಇಲ್ಲ, ಕೆರೆ ಇಲ್ಲ, ಬರೀ ಬಂಡೆ. ಅಲ್ಲಿದ್ದವರು ನೀರಿಗೇನು ಮಾಡಿದರು? ಬಂಡೆಗಳ ಸಂದಿನಲ್ಲೇ ಆಳವಾದ ಹೊಂಡ ಮಾಡಿ ಮಳೆನೀರು ಹಿಡಿದರು. ಲೆಕ್ಕ ಹಾಕಿ ನೋಡ್ರಿ: 100 ಚದರ ಮೀಟರ್ ಬಂಡೆ ಮೇಲೆ 1 ಸೆಂಟಿಮೀಟರ್ ಮಳೆ ಬಿದ್ದರೆ 1,000 ಲೀಟರ್. ಬಳ್ಳಾರಿಯಲ್ಲಿ ವರ್ಷಕ್ಕೆ ಸುಮಾರು 50 ಸೆಂಟಿಮೀಟರ್ ಮಳೆ, ಅಂದ್ರೆ ಹೆಚ್ಚೆಂದರೆ 50,000 ಲೀಟರ್. ಬಂಡೆಯಲ್ಲಿ ನೀರು ಇಂಗೋದು ಕಡಿಮೆ, ಸಂದಿನ ನೆರಳಲ್ಲಿ ಆವಿಯಾಗೋದೂ ಕಡಿಮೆ. ನಾವು ಪರೀಕ್ಷೆಗೆ ಬಾಯಿಪಾಠ ಮಾಡೋ ಹೈಡ್ರಾಲಜಿ ಅಲ್ಲಿ ಕಣ್ಣೆದುರಿಗೇ ಇದೆ.

ಇನ್ನೊಂದು ಪಾಠ ಜನರ ಬಾಯಲ್ಲಿದೆ. ಕೋಟೆ ಕಟ್ಟಿದ ಫ್ರೆಂಚ್ ಎಂಜಿನಿಯರನ್ನು ಹೈದರ್ ಗಲ್ಲಿಗೇರಿಸಿದನಂತೆ. ಕಾರಣ, ಪಕ್ಕದ ಕುಂಬಾರ ಗುಡ್ಡ ಕೋಟೆ ಗುಡ್ಡಕ್ಕಿಂತ ಎತ್ತರ, ಅಲ್ಲಿ ಫಿರಂಗಿ ಇಟ್ಟರೆ ಕೋಟೆ ಉಳಿಯಲ್ಲ ಅನ್ನೋದು ಕೆಲಸ ಮುಗಿದ ಮೇಲೆ ಗೊತ್ತಾಯಿತಂತೆ. ಕತೆ ನಿಜವೋ ಸುಳ್ಳೋ, ಸರ್ವೇ ಮೊದಲು, ಕಟ್ಟೋದು ಆಮೇಲೆ ಅನ್ನೋದನ್ನ ಇದಕ್ಕಿಂತ ಚೆನ್ನಾಗಿ ಯಾವ ಮೇಷ್ಟ್ರೂ ಹೇಳಿಲ್ಲ.

‘ಅದೆಲ್ಲ ಪುರಾತತ್ವ ಇಲಾಖೆ ಕೆಲಸ, ನಮಗ್ಯಾಕೆ?’ ಅಂತ ಕೇಳೋರಿದ್ದಾರೆ. ಕಾಯೋದು ಇಲಾಖೆ ಕೆಲಸ, ಒಪ್ಪಿದ್ವಿ. ಹಾಳು ಮಾಡದೆ ಇರೋದು ಯಾರ ಕೆಲಸ? ಬಂಡೆ ಮೇಲೆ ಪೇಂಟಲ್ಲಿ ಹೆಸರು, ಹೃದಯದ ಗುರುತು, ಬ್ಯಾಚ್ ನಂಬರ್ ಬರೆಯೋರು ನಮ್ಮ ವಯಸ್ಸಿನವರೇ. 2010ರ ತಿದ್ದುಪಡಿ ಪ್ರಕಾರ ಸಂರಕ್ಷಿತ ಸ್ಮಾರಕ ಕೆಡಿಸಿದರೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ಕಾನೂನಿಗೆ ಹೆದರಿ ಬಿಡೋದಕ್ಕಿಂತ, ಕಟ್ಟಿದವರ ಕೈಚಳಕ ಅರ್ಥವಾಗಿ ಬಿಟ್ಟರೆ ಚೆಂದ. ಹೊಂಡದ ಲೆಕ್ಕ ಹಾಕಿದವನು ಅದರೊಳಗೆ ಚಿಪ್ಸ್ ಪಾಕೀಟು ಎಸೆಯಲ್ಲ.

ಮೇಲಕ್ಕೆ ರೋಪ್‌ವೇ ಬೇಕು ಅನ್ನೋರೂ ನಮ್ಮಲ್ಲಿದ್ದಾರೆ. ಇರಲಿ, ಆದರೆ ಮೇಲೇನಿದೆ ಅಂತ ಗೊತ್ತಿಲ್ಲದೆ ಜನರನ್ನ ಮೇಲಕ್ಕೆ ಸಾಗಿಸಿ ಏನು ತೋರಿಸ್ತೀವಿ?

ಅದಕ್ಕೆ ನಮ್ಮ ಬೇಡಿಕೆ ಇಷ್ಟೇ. ಈ ಸಲ ಸಂಘದ ಟ್ರಿಪ್ ಊಟಿ, ಗೋವಾ ಬೇಡ. ಇಲಾಖೆಯ ಅನುಮತಿ ಪಡೆದು ಸಿವಿಲ್‌ನವರು ಹೊಂಡಗಳ ಅಳತೆ ತೆಗೀಲಿ, ಕಂಪ್ಯೂಟರ್‌ನವರು ನಕ್ಷೆ ಮಾಡಲಿ, ಉಳಿದವರು ಕನ್ನಡದಲ್ಲಿ ವಿವರ ಬರೀಲಿ. ಮುಂದಿನ ವರ್ಷ ಕುರುಗೋಡಿಗೆ ಹೋಗೋಣ. ಒಂದೇ ಕಲ್ಲಲ್ಲಿ ಅಷ್ಟೆತ್ತರದ ದೊಡ್ಡ ಬಸವಣ್ಣ ಹೇಗಾದ ಅಂತ ಮೆಕ್ಯಾನಿಕಲ್‌ನವರು ಹೇಳಲಿ. ಗುಡಿ ಮುಂದೆ ಚಪ್ಪಲಿ ಬಿಡ್ರಿ, ನೀರಿನ ಬಾಟಲಿ ವಾಪಸ್ ತನ್ನಿ, ಬಿಸಿಲೇರೋ ಮುಂಚೆ ಹತ್ತಿ. ಬರೋರು ಈ ವಾರದೊಳಗೆ ಸಂಘದಲ್ಲಿ ಹೆಸರು ಕೊಡಿ. ಹೆಸರು ಬರೆಯೋಕೆ ನಮ್ಮ ಪುಸ್ತಕ ಇದೆ, ಬಂಡೆ ಬೇಡ.